ಎಆರ್‌ಟಿ ಗುಳಿಗೆಯ ಜೊತೆಗೆ ಹೋಗುವ ಬೇರೆ ಗುಳಿಗೆಗಳು

ಎಚ್‌ಐವಿ ಸೋಂಕಿಗೆ ಕೊಡುವ ಎಆರ್‌ಟಿ ಗುಳಿಗೆಯನ್ನು ನಾನು ಮಾರುವುದಿಲ್ಲ. ದಾವಣಗೆರೆಯಲ್ಲಿ ನನ್ನ ಹಾಗೆ ಮೆಡಿಕಲ್ ಶಾಪ್ ನಡೆಸುವ ಹೆಚ್ಚಿನವರ ಕಪಾಟಿನಲ್ಲೂ ಅದು ಇರುವುದಿಲ್ಲ. 2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಈ ಚಿಕಿತ್ಸೆಯನ್ನು ಉಚಿತವಾಗಿ ಕೊಡಲು ಆರಂಭಿಸಿದ ಮೇಲೆ, ನಮ್ಮ ಭಾಗದ ಬಹುಪಾಲು ಸೋಂಕಿತರು ಎಆರ್‌ಟಿ ಕೇಂದ್ರದಲ್ಲಿ ಹೆಸರು ಬರೆಸಿ, ಅಲ್ಲಿ ಕೊಟ್ಟ ಹಸಿರು ಪುಸ್ತಕವನ್ನು ಹಿಡಿದು, ಅಲ್ಲಿಂದಲೇ ಅಥವಾ ತಮ್ಮ ಊರಿಗೆ ಹತ್ತಿರದ ಲಿಂಕ್ ಕೇಂದ್ರದಿಂದ ಔಷಧ ಒಯ್ಯುತ್ತಾರೆ. ಆದರೆ ಅದೇ ಜನ ಎದೆಯುರಿಗೆ, ಮಂಡಿನೋವಿಗೆ, ಸುಸ್ತಿಗೆ, ಕೆಮ್ಮಿಗೆ ನಮ್ಮ ಕೌಂಟರಿಗೇ ಬರುತ್ತಾರೆ. ಎಆರ್‌ಟಿ ಕೇಂದ್ರದ ವೈದ್ಯರಿಗೆ ನಾವು ಕೊಟ್ಟದ್ದು ಗೊತ್ತಾಗುವುದಿಲ್ಲ, ಅವರು ಕೊಟ್ಟದ್ದು ನಮಗೆ ಗೊತ್ತಾಗುವುದಿಲ್ಲ. ಎಆರ್‌ಟಿಯ ಸುರಕ್ಷತೆಯ ಬಗ್ಗೆ ನಾನು ಬರೆಯಬೇಕಾದದ್ದು ಇರುವುದು ಈ ನಡುವಿನ ಜಾಗದಲ್ಲಿ. ಆ ಗುಳಿಗೆ ತಾನಾಗಿ ತೊಂದರೆ ಕೊಡುವುದು ಇತ್ತೀಚಿನ ವರ್ಷಗಳಲ್ಲಿ ಬಹಳ ಕಡಿಮೆಯಾಗಿದೆ. ಅದರ ಜೊತೆಗೆ ಹೊಟ್ಟೆಗೆ ಹೋಗುವ ಬೇರೆ ಔಷಧಗಳನ್ನು ಯಾರಾದರೂ ಒಬ್ಬರು ಒಟ್ಟಿಗೆ ಇಟ್ಟು ನೋಡಬೇಕಾಗಿದೆ.

ಈಗ ಹೆಚ್ಚಿನ ವಯಸ್ಕರಿಗೆ ಕೊಡುವುದು ಟಿಎಲ್‌ಡಿ ಎಂದು ಕರೆಯುವ ಒಂದೇ ಗುಳಿಗೆ. ಅದರಲ್ಲಿ 300 ಮಿಲಿಗ್ರಾಂ ಟೆನೊಫೊವಿರ್, 300 ಮಿಲಿಗ್ರಾಂ ಲ್ಯಾಮಿವುಡಿನ್ ಮತ್ತು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಸೇರಿವೆ. ಮೊದಲ ಎರಡು ಔಷಧಗಳು ವೈರಾಣು ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲು ಮಾಡಿಕೊಳ್ಳುವುದನ್ನು ತಡೆಯುತ್ತವೆ. ಮೂರನೆಯದು, ಆ ನಕಲು ನಮ್ಮ ಜೀವಕೋಶದ ಡಿಎನ್‌ಎಯೊಳಗೆ ಸೇರಿಕೊಳ್ಳುವುದನ್ನು ತಡೆಯುತ್ತದೆ. 1987ರಲ್ಲಿ ಜಿಡೊವುಡಿನ್ ಒಂದೇ ಔಷಧವಾಗಿ ಬಂದಾಗ ವೈರಾಣು ಬೇಗನೆ ಅದಕ್ಕೆ ಪಳಗಿಬಿಡುತ್ತಿತ್ತು. ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮ 1996ರ ಸುಮಾರಿಗೆ ನೆಲೆಯೂರಿದ ಮೇಲೆಯೇ ಈ ಸೋಂಕು ಬಿಪಿ, ಸಕ್ಕರೆ ಕಾಯಿಲೆಗಳ ಹಾಗೆ ದಿನವೂ ಔಷಧ ತೆಗೆದುಕೊಂಡು ಬಹುಕಾಲ ಬಾಳಬಹುದಾದ ಸ್ಥಿತಿಯಾಯಿತು. ಹಿಂದಿನ ಔಷಧಗಳ ಕಷ್ಟಗಳನ್ನು ಕಂಡವರಿಗೆ ಇಂದಿನ ಗುಳಿಗೆಯ ಬೆಲೆ ಗೊತ್ತು. ಸ್ಟಾವುಡಿನ್ ತೆಗೆದುಕೊಂಡವರ ಕೆನ್ನೆ ಬತ್ತಿ ಹೋಗುತ್ತಿತ್ತು, ಜಿಡೊವುಡಿನ್‌ನಿಂದ ರಕ್ತಹೀನತೆ ಬರುತ್ತಿತ್ತು, ನೆವಿರಾಪಿನ್‌ನಿಂದ ಮೈಮೇಲೆ ಗಂಧೆ ಏಳುತ್ತಿತ್ತು, ಎಫಾವಿರೆಂಜ್ ನುಂಗಿ ಮಲಗಿದವರಿಗೆ ರಾತ್ರಿಯಿಡೀ ಕೆಟ್ಟ ಕನಸು, ಬೆಳಿಗ್ಗೆ ಎದ್ದರೆ ತಲೆ ಸುತ್ತು.

ಟಿಎಲ್‌ಡಿಯಲ್ಲಿ ಅಂಥ ಕಾಟ ಕಡಿಮೆ. ಕೆಲವರಿಗೆ ಮೊದಲ ಕೆಲವು ವಾರ ವಾಕರಿಕೆ, ತಲೆನೋವು ಇರುತ್ತದೆ. ಕೆಲವರಿಗೆ ನಿದ್ದೆ ಬರುವುದಿಲ್ಲ. ಅಂಥವರು ರಾತ್ರಿಯ ಬದಲು ಬೆಳಿಗ್ಗೆ ತೆಗೆದುಕೊಳ್ಳಬಹುದೇ ಎಂದು ಎಆರ್‌ಟಿ ಕೇಂದ್ರದಲ್ಲಿ ಕೇಳಿ ಹೊತ್ತು ಬದಲಿಸಿಕೊಂಡರೆ ಬಹಳ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಕೆಲವರ ತೂಕ ಏರುತ್ತದೆ. ಊಟದ ಜೊತೆಗಾದರೂ ಸರಿ, ಖಾಲಿ ಹೊಟ್ಟೆಯಲ್ಲಾದರೂ ಸರಿ, ಈ ಗುಳಿಗೆ ನಡೆಯುತ್ತದೆ.

ನಡೆಯದೆ ಇರುವುದು ಆ್ಯಂಟಾಸಿಡ್. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಮ್ಮ ಊರಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದ ಸಂಜೆಗೂ, ರಾತ್ರಿ ಪಾಳಿ ಮುಗಿಸಿ ಖಾಲಿ ಹೊಟ್ಟೆಗೆ ಚಹಾ ಕುಡಿದ ಬೆಳಿಗ್ಗೆಗೂ ಜನ ಮೊದಲು ಕೇಳುವುದು ಗ್ಯಾಸ್ಟ್ರಿಕ್ ಟಾನಿಕ್ಕನ್ನೇ, ಮತ್ತು ಅದಕ್ಕೆ ವೈದ್ಯರ ಚೀಟಿಯನ್ನು ಯಾರೂ ತರುವುದಿಲ್ಲ.

ಒಂದು ಮಧ್ಯಾಹ್ನ, ಕೌಂಟರಿನ ಮುಂದೆ ಜನ ಕರಗುವವರೆಗೂ ಪಕ್ಕದಲ್ಲೇ ನಿಂತಿದ್ದ ಹೆಂಗಸೊಬ್ಬರು ಮೆಲ್ಲಗೆ ಕೇಳಿದರು: “ಅಣ್ಣಾರೆ, ನಾ ದಿನಾ ಒಂದು ಗುಳಿಗಿ ತಗೋತೀನಿ, ಸರ್ಕಾರಿ ಆಸ್ಪತ್ರೇದು. ಅದರ ಜೊತಿಗೆ ಈ ಟಾನಿಕ್ ನಡೀತದೇನ್ರಿ?” ಯಾವ ಗುಳಿಗೆ ಅಕ್ಕಾರೆ ಎಂದೆ. ಅವರು ಸೆರಗಿನ ಮರೆಯಲ್ಲಿ ಚೀಲದಿಂದ ಡಬ್ಬಿ ತೆಗೆದರು. ಅದರ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಿದ್ದರು. ಅಂಟಿನ ಗುರುತು ಮಾತ್ರ ಉಳಿದಿತ್ತು. ಹೆಸರಿಲ್ಲದ ಡಬ್ಬಿಯಿಂದ ನಾನು ಏನನ್ನೂ ಖಚಿತವಾಗಿ ಹೇಳುವ ಹಾಗಿರಲಿಲ್ಲ. ಪುಸ್ತಕ ಇದೆಯೇ ಎಂದು ಕೇಳಿದ ಮೇಲೆ ಹಸಿರು ಪುಸ್ತಕವೂ ಹೊರಗೆ ಬಂತು. ಅದಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆಯಿಂದ ರಟ್ಟು ಹಾಕಿ, ಮೇಲೆ ‘ಹಾಲಿನ ಲೆಕ್ಕ’ ಎಂದು ಬರೆದಿತ್ತು. ಒಳಗೆ ಟಿಎಲ್‌ಡಿ ಎಂದು ಸ್ಪಷ್ಟವಾಗಿತ್ತು. ಟಾನಿಕ್ ಯಾವಾಗ ಕುಡಿಯುತ್ತೀರಿ ಎಂದೆ. “ತಿಂಡಿಗಿಂತ ಮೊದಲು ಟಾನಿಕ್ಕು, ತಿಂಡಿ ಆದ ಮ್ಯಾಲೆ ಗುಳಿಗಿ” ಎಂದರು.

ತೊಂದರೆ ಆ ಕ್ರಮದಲ್ಲೇ ಇತ್ತು. ಡೊಲುಟೆಗ್ರಾವಿರ್ ಕೆಲಸ ಮಾಡುವುದೇ ವೈರಾಣುವಿನ ಇಂಟಿಗ್ರೇಸ್ ಎಂಬ ಕಿಣ್ವದೊಳಗಿನ ಮೆಗ್ನೀಸಿಯಂ ಕಣಗಳನ್ನು ಹಿಡಿದುಕೊಂಡು. ಲೋಹವನ್ನು ಹಿಡಿಯುವ ಈ ಗುಣ ರಕ್ತಕ್ಕೆ ಸೇರಿದ ಮೇಲೆ ವರ. ಹೊಟ್ಟೆಯಲ್ಲಿರುವಾಗಲೇ ಅದಕ್ಕೆ ಅಲ್ಯುಮಿನಿಯಂ ಮತ್ತು ಮೆಗ್ನೀಸಿಯಂ ಸಿಕ್ಕರೆ ಅಲ್ಲೇ ಅವುಗಳಿಗೆ ಅಂಟಿಕೊಂಡು, ರಕ್ತಕ್ಕೆ ಸೇರದೆ ಮಲದಲ್ಲಿ ಹೊರಟುಹೋಗುತ್ತದೆ. ಗ್ಯಾಸ್ಟ್ರಿಕ್ ಟಾನಿಕ್‌ಗಳಲ್ಲಿ ಹೆಚ್ಚಿನವು ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಮತ್ತು ಮೆಗ್ನೀಸಿಯಂ ಹೈಡ್ರಾಕ್ಸೈಡ್‌ನ ಮಿಶ್ರಣ. ಹಾಗಾಗಿ ಎಆರ್‌ಟಿ ಗುಳಿಗೆ ಮೊದಲು ಹೋಗಬೇಕು, ಅದಾಗಿ ಕನಿಷ್ಠ 2 ಗಂಟೆ ಕಳೆದ ಮೇಲೆ ಟಾನಿಕ್. ಟಾನಿಕ್ ಮೊದಲು ಹೋಗಿದ್ದರೆ ಗುಳಿಗೆಗೆ 6 ಗಂಟೆ ಕಾಯಬೇಕು. ಹುಣ್ಣಿಗೆ ಕೊಡುವ ಸುಕ್ರಾಲ್ಫೇಟ್ ಸಿರಪ್ಪಿಗೂ ಇದೇ ನಿಯಮ, ಏಕೆಂದರೆ ಅದರಲ್ಲೂ ಅಲ್ಯುಮಿನಿಯಂ ಇದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಗುಳಿಗೆಗಳಿಂದ ಡೊಲುಟೆಗ್ರಾವಿರ್‌ಗೆ ಈ ತೊಂದರೆ ಇಲ್ಲ. ಆ ಅಕ್ಕನಿಗೆ ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೇ ಗುಳಿಗೆ, ಟಾನಿಕ್ ಬೇಕೇ ಬೇಕಾದರೆ ರಾತ್ರಿ ಊಟದ ನಂತರ ಎಂದು ಚೀಟಿಯ ಮೇಲೆ ಬರೆದುಕೊಟ್ಟೆ. ಎದೆಯುರಿ ವಾರಗಟ್ಟಲೆ ಉಳಿದಿದ್ದರೆ ಟಾನಿಕ್ಕಿನಲ್ಲೇ ದಿನ ದೂಡದೆ ಕೇಂದ್ರದಲ್ಲಿ ಹೇಳಿ ಎಂದೂ ಸೇರಿಸಿದೆ.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳೂ ಲೋಹಗಳೇ, ಆದರೆ ಅವುಗಳ ವಿಷಯ ಸ್ವಲ್ಪ ಬೇರೆ. ಹೊಟ್ಟೆ ತುಂಬ ಊಟ ಮಾಡಿ ಅದರ ಜೊತೆಗೆ ತೆಗೆದುಕೊಂಡರೆ ಇವು ಎಆರ್‌ಟಿ ಗುಳಿಗೆಯ ಜೊತೆಗೇ ಹೋಗಬಹುದು. ಖಾಲಿ ಹೊಟ್ಟೆಯಲ್ಲಾದರೆ ಮತ್ತೆ ಆ 2 ಗಂಟೆ, 6 ಗಂಟೆಗಳ ಲೆಕ್ಕವೇ. ಸತುವು ಸೇರಿದ ಮಲ್ಟಿವಿಟಮಿನ್‌ಗಳಿಗೂ ಇದು ಅನ್ವಯಿಸುತ್ತದೆ. ಇದು ಮುಖ್ಯವಾಗಿ ಬೇಕಾದದ್ದು ಗರ್ಭಿಣಿಯರಿಗೆ, ಏಕೆಂದರೆ ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣದ ಗುಳಿಗೆಯನ್ನು ಬಿಡುವಂತೆಯೂ ಇಲ್ಲ, ಎಆರ್‌ಟಿಯನ್ನು ಬಿಡುವಂತೆಯೂ ಇಲ್ಲ. ತಾಯಿ ತಪ್ಪದೆ ಎಆರ್‌ಟಿ ತೆಗೆದುಕೊಂಡು ರಕ್ತದಲ್ಲಿ ವೈರಾಣು ತೀರ ಕಡಿಮೆಯಾಗಿದ್ದರೆ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಬಹಳ ಕಡಿಮೆ. 2018ರಲ್ಲಿ ಡೊಲುಟೆಗ್ರಾವಿರ್‌ನಿಂದ ಹುಟ್ಟುವ ಮಗುವಿನ ಬೆನ್ನುಹುರಿಗೆ ದೋಷ ಬರಬಹುದೆಂಬ ಆತಂಕ ಬೋಟ್ಸ್ವಾನಾದ ಅಧ್ಯಯನವೊಂದರಿಂದ ಹುಟ್ಟಿತ್ತು; ಮುಂದೆ ಹೆಚ್ಚು ಹೆರಿಗೆಗಳ ಮಾಹಿತಿ ಸೇರುತ್ತಾ ಹೋದಂತೆ ಆ ಆತಂಕ ಕರಗಿತು, ಮತ್ತು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರನ್ನೂ ಸೇರಿಸಿ ಎಲ್ಲರಿಗೂ ಇದನ್ನು ಶಿಫಾರಸು ಮಾಡಿತು. ಆ ಹಳೆಯ ಸುದ್ದಿಯನ್ನು ಎಲ್ಲೋ ಓದಿ ಗುಳಿಗೆ ನಿಲ್ಲಿಸುವ ಯೋಚನೆಯಲ್ಲಿರುವ ಹೆಣ್ಣುಮಕ್ಕಳು ದಯವಿಟ್ಟು ಇದನ್ನು ಗಮನಿಸಬೇಕು.

ಇನ್ನು ನೋವಿನ ಗುಳಿಗೆ. ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲರಿಗೆ, ಭದ್ರಾ ನಾಲೆಯ ಗದ್ದೆಗಳಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುವ ಹೆಂಗಸರಿಗೆ ಸೊಂಟನೋವು, ಮಂಡಿನೋವು ತಪ್ಪಿದ್ದಲ್ಲ. ಡೈಕ್ಲೊಫೆನಾಕ್ ಇಲ್ಲದ ಮೆಡಿಕಲ್ ಶಾಪ್ ನಮ್ಮಲ್ಲಿಲ್ಲ, ಅದನ್ನು ಹೆಸರು ಹಿಡಿದು ಕೇಳದ ಹಳ್ಳಿಯೂ ಇಲ್ಲ. ಆದರೆ ಟೆನೊಫೊವಿರ್ ಮೂತ್ರಪಿಂಡದ ಮೂಲಕ ಹೊರಹೋಗುವ ಔಷಧ, ಮತ್ತು ಕೆಲವರಲ್ಲಿ ಆ ಮೂತ್ರಪಿಂಡದ ನಾಳಗಳಿಗೇ ಪೆಟ್ಟು ಕೊಡುತ್ತದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸೆಕ್ಲೊಫೆನಾಕ್‌ನಂಥ ನೋವಿನ ಔಷಧಗಳು ಮೂತ್ರಪಿಂಡಕ್ಕೆ ಹೋಗುವ ರಕ್ತದ ಹರಿವನ್ನೇ ಕಡಿಮೆ ಮಾಡುತ್ತವೆ. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿದ ಮೈಗೆ ಈ ಎರಡೂ ಒಟ್ಟಿಗೆ ದಿನದಿನವೂ ಹೋದರೆ, ಅದರಲ್ಲೂ ಎರಡು ಮೂರು ಬಗೆಯ ನೋವಿನ ಗುಳಿಗೆಗಳನ್ನು ಸೇರಿಸಿ ನುಂಗಿದರೆ, ಮೂತ್ರಪಿಂಡ ಒಮ್ಮೆಲೇ ಕೈಕೊಟ್ಟ ಉದಾಹರಣೆಗಳು ವೈದ್ಯಕೀಯ ವರದಿಗಳಲ್ಲಿ ಇವೆ. ಜ್ವರಕ್ಕೂ ಸಾಮಾನ್ಯ ಮೈಕೈನೋವಿಗೂ ಪ್ಯಾರಾಸಿಟಮಾಲ್ ಇವರಿಗೆ ಸುರಕ್ಷಿತವಾದ ಆಯ್ಕೆ, ಅದೂ ಹೇಳಿದ ಪ್ರಮಾಣದಲ್ಲಿ. ಅದಕ್ಕೆ ಬಗ್ಗದ ನೋವಾದರೆ ಎಆರ್‌ಟಿ ಕೇಂದ್ರದಲ್ಲೇ ಕೇಳಿ ಬೇರೆ ಔಷಧ ಬರೆಸಿಕೊಳ್ಳಬೇಕು. ಬಿಪಿ ಅಥವಾ ಸಕ್ಕರೆ ಕಾಯಿಲೆ ಇದ್ದವರಿಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು.

ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಯಲು ಕೇಂದ್ರದಲ್ಲಿ ಕಾಲಕಾಲಕ್ಕೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡುವುದು ಈ ಕಾರಣಕ್ಕೆ. ರಕ್ತ ಕೊಡಲು ಬೇಸರ ಮಾಡಿಕೊಳ್ಳಬಾರದು. ಇಲ್ಲಿ ಒಂದು ಸೂಕ್ಷ್ಮವಿದೆ. ಡೊಲುಟೆಗ್ರಾವಿರ್ ಆರಂಭಿಸಿದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ಅಂಕಿ ಸ್ವಲ್ಪ ಏರಿ ನಿಲ್ಲುತ್ತದೆ. ಮೂತ್ರಪಿಂಡ ಕೆಟ್ಟಿತೆಂದು ಅದರ ಅರ್ಥವಲ್ಲ: ಕ್ರಿಯಾಟಿನಿನ್ ಮೂತ್ರಕ್ಕೆ ಸಾಗುವ ಒಂದು ದಾರಿಯನ್ನು ಈ ಔಷಧ ಸ್ವಲ್ಪ ಕಟ್ಟುತ್ತದೆ, ಅಷ್ಟೆ. ಖಾಸಗಿ ಲ್ಯಾಬಿನ ವರದಿಯಲ್ಲಿ ಅಂಕಿಯ ಪಕ್ಕದ ಗುರುತು ನೋಡಿ ಗಾಬರಿಯಾಗಿ ಗುಳಿಗೆ ನಿಲ್ಲಿಸುವ ಬದಲು, ಹಿಂದಿನ ವರದಿಗಳ ಜೊತೆಗೆ ಇಟ್ಟು ನೋಡಬಲ್ಲ ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಅಂಥದೇ ದಾರಿಯಲ್ಲಿ ಹೊರಹೋಗುವುದರಿಂದ, ದಿನಕ್ಕೊಂದು ಡೊಲುಟೆಗ್ರಾವಿರ್ ತೆಗೆದುಕೊಳ್ಳುವವರ ರಕ್ತದಲ್ಲಿ ಮೆಟ್‌ಫಾರ್ಮಿನ್ ಸುಮಾರು ಶೇ 79ರಷ್ಟು ಹೆಚ್ಚು ಉಳಿಯುತ್ತದೆ. ಆದ್ದರಿಂದ ಇವರಿಗೆ ದಿನಕ್ಕೆ 1000 ಮಿಲಿಗ್ರಾಂ ಮೀರದ ಹಾಗೆ ಮೆಟ್‌ಫಾರ್ಮಿನ್ ಕೊಡುವುದು ರೂಢಿ. ಸಕ್ಕರೆ ಕಾಯಿಲೆಗೆ ನೋಡುವ ವೈದ್ಯರಿಗೆ ಎಆರ್‌ಟಿಯ ವಿಷಯ ಗೊತ್ತಿಲ್ಲದಿದ್ದರೆ ಅವರು ಪ್ರಮಾಣವನ್ನು ಏರಿಸುತ್ತಾ ಹೋಗುವುದು ಸಹಜ.

ಕ್ಷಯದ ಔಷಧದ ವಿಷಯದಲ್ಲಿ ನಮ್ಮ ಸರ್ಕಾರಿ ವ್ಯವಸ್ಥೆ ಎಚ್ಚರವಾಗಿದೆ. ರಿಫಾಂಪಿಸಿನ್ ಡೊಲುಟೆಗ್ರಾವಿರ್ ಅನ್ನು ದೇಹದಿಂದ ಬೇಗ ಹೊರಹಾಕುವುದರಿಂದ, ಟಿಬಿ ಚಿಕಿತ್ಸೆ ನಡೆಯುವಷ್ಟು ಕಾಲ ಟಿಎಲ್‌ಡಿ ತೆಗೆದುಕೊಂಡ 12 ಗಂಟೆಗೆ ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಗುಳಿಗೆಯನ್ನು ಕೊಡುತ್ತಾರೆ. ರಿಫಾಂಪಿಸಿನ್ ಮುಗಿದ ಮೇಲೂ 2 ವಾರ ಅದು ಮುಂದುವರಿಯಬೇಕು. ಟಿಬಿ ಗುಳಿಗೆ ನಿಂತ ದಿನವೇ ಇದನ್ನೂ ನಿಲ್ಲಿಸಿಬಿಡುವವರಿಗೆ ಇದನ್ನು ಒತ್ತಿ ಹೇಳಬೇಕಾಗುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೊಬಾರ್ಬಿಟಲ್ ಕೂಡ ಡೊಲುಟೆಗ್ರಾವಿರ್ ಬಲವನ್ನು ತಗ್ಗಿಸುತ್ತವೆ. ಅಂಥವರಿಗೆ ವೈದ್ಯರು ಫಿಟ್ಸ್ ಔಷಧವನ್ನೇ ಬದಲಿಸಬೇಕಾಗಬಹುದು, ಆದರೆ ರೋಗಿ ತಾನಾಗಿ ಯಾವುದನ್ನೂ ನಿಲ್ಲಿಸಕೂಡದು.

ಮೊದಲ ಔಷಧ ಹಿಡಿಯದೆ ಎರಡನೇ ಹಂತದ ಔಷಧಕ್ಕೆ ಹೋದವರ ಪುಸ್ತಕದಲ್ಲಿ ರಿಟೊನಾವಿರ್ ಎಂಬ ಹೆಸರಿದ್ದರೆ ಎಚ್ಚರಿಕೆಯ ಪಟ್ಟಿ ಉದ್ದವಾಗುತ್ತದೆ. ಮೈಗ್ರೇನ್ ತಲೆನೋವಿನ ಎರ್ಗೊಟಮಿನ್, ಕೊಲೆಸ್ಟರಾಲ್‌ನ ಸಿಮ್ವಸ್ಟಾಟಿನ್ ಅವರಿಗೆ ಕೊಡಲೇಬಾರದು. ಮಂಡಿಗೆ ಹಾಕುವ ಸ್ಟೀರಾಯ್ಡ್ ಇಂಜೆಕ್ಷನ್, ಆಸ್ತಮಾದ ಕೆಲವು ಸ್ಟೀರಾಯ್ಡ್ ಇನ್‌ಹೇಲರ್‌ಗಳು ಕೂಡ ಇವರ ದೇಹದಲ್ಲಿ ಮಿತಿಮೀರಿ ಉಳಿದುಬಿಡುತ್ತವೆ. ಅಟಜನಾವಿರ್ ಎಂಬ ಎಚ್‌ಐವಿ ಔಷಧ ತೆಗೆದುಕೊಳ್ಳುವವರಿಗೆ ಮಾತ್ರ, ಮೇಲೆ ಹೇಳಿದ್ದಕ್ಕೆ ವಿರುದ್ಧವಾಗಿ, ಪ್ಯಾಂಟೊಪ್ರಜೋಲ್ ಜಾತಿಯ ಗುಳಿಗೆಗಳೂ ತೊಂದರೆಯೇ. ಒಬ್ಬರಿಗೆ ಸರಿಹೊಂದಿದ ಗ್ಯಾಸ್ಟ್ರಿಕ್ ಗುಳಿಗೆಯನ್ನು ಇನ್ನೊಬ್ಬ ಸೋಂಕಿತರಿಗೆ ಹೇಳಿಕೊಡಬೇಡಿ ಎನ್ನುವುದು ಇದಕ್ಕೇ.

ನಾಟಿ ಔಷಧದ ವಿಷಯವನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಎಚ್‌ಐವಿಯನ್ನು ಬುಡಸಮೇತ ತೆಗೆಯುತ್ತೇವೆ, ಆದರೆ ಇಂಗ್ಲಿಷ್ ಗುಳಿಗೆ ಬಿಟ್ಟರೆ ಮಾತ್ರ ನಮ್ಮ ಪುಡಿ ಹಿಡಿಯುತ್ತದೆ ಎಂದು ಹೇಳುವವರು ಜಾತ್ರೆಯಲ್ಲೂ ಇದ್ದಾರೆ, ಮೊಬೈಲಿನಲ್ಲೂ ಇದ್ದಾರೆ. ಎಆರ್‌ಟಿ ಬಿಟ್ಟ ಕೆಲವೇ ವಾರಗಳಲ್ಲಿ ವೈರಾಣು ರಕ್ತದಲ್ಲಿ ಮತ್ತೆ ಏರುತ್ತದೆ. ಅದರ ಮೇಲೆ ಹೆಪಟೈಟಿಸ್ ಬಿ ಕೂಡ ಇರುವವರಾದರೆ ಅಪಾಯ ಎರಡು ಪಟ್ಟು, ಏಕೆಂದರೆ ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಆ ವೈರಾಣುವನ್ನೂ ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ಥಟ್ಟನೆ ನಿಲ್ಲಿಸಿದರೆ ಯಕೃತ್ತು ಗಂಭೀರವಾಗಿ ಕೆಡಬಹುದು. ಭಸ್ಮ, ಪುಡಿಗಳಲ್ಲಿ ಸೀಸ, ಪಾದರಸದಂಥ ಲೋಹ ಸೇರಿದ್ದರೆ ಮೂತ್ರಪಿಂಡದ ಹೊರೆ ಇನ್ನಷ್ಟು ಹೆಚ್ಚುತ್ತದೆ.

ಗುಳಿಗೆ ತಪ್ಪದಿರುವುದು ಸುರಕ್ಷತೆಯ ಅರ್ಧಭಾಗ. ತಿಂಗಳಿಗೆ 30 ಗುಳಿಗೆಗಳಲ್ಲಿ 2 ತಪ್ಪಿದರೂ, ಶೇ 95ರಷ್ಟಾದರೂ ಗುಳಿಗೆ ತೆಗೆದುಕೊಳ್ಳಬೇಕೆಂಬ ಗುರಿಯಿಂದ ಕೆಳಗಿಳಿದಂತಾಗುತ್ತದೆ. ನಿತ್ಯದ ಹೊತ್ತಿಗೆ ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಬೇಕು. ಮುಂದಿನ ಗುಳಿಗೆಗೆ 4 ಗಂಟೆಯೂ ಉಳಿದಿಲ್ಲದಿದ್ದರೆ ಮರೆತದ್ದನ್ನು ಬಿಟ್ಟು ಮುಂದಿನದನ್ನಷ್ಟೇ ತೆಗೆದುಕೊಳ್ಳಬೇಕು, ಎರಡನ್ನು ಒಟ್ಟಿಗೆ ನುಂಗಬಾರದು. ಮರೆವಿಗಿಂತ ನಾಚಿಕೆಯಿಂದ ತಪ್ಪುವ ಗುಳಿಗೆಗಳೇ ಹೆಚ್ಚೆಂದು ನನಗೆ ಅನ್ನಿಸುತ್ತದೆ. ಮದುವೆ ಮನೆಗೆ ಹೋದಾಗ, ದುಗ್ಗಮ್ಮನ ಜಾತ್ರೆಗೆ ನೆಂಟರು ಬಂದು ಮನೆ ತುಂಬಿದಾಗ, ದುಡಿಯಲು ಬೆಂಗಳೂರಿಗೆ ಹೋಗಿ ಹತ್ತು ಜನರ ನಡುವೆ ಒಂದೇ ಕೋಣೆಯಲ್ಲಿ ಮಲಗುವಾಗ ಡಬ್ಬಿ ತೆಗೆಯಲು ಕೈ ಬರುವುದಿಲ್ಲ. ಕೆಲವರು ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ ಅಡಿಕೆ ಚೀಲದಲ್ಲೋ ಅಂಗಿ ಜೇಬಿನಲ್ಲೋ ಇಟ್ಟುಕೊಳ್ಳುತ್ತಾರೆ. ಡಬ್ಬಿಯೊಳಗಿನ ಸಣ್ಣ ಪೊಟ್ಟಣ ತೇವ ಹೀರಲೆಂದೇ ಇಟ್ಟದ್ದು, ಗುಳಿಗೆ ಅದರ ಜೊತೆಯಲ್ಲೇ, ಮುಚ್ಚಳ ಬಿಗಿದ ಅದೇ ಡಬ್ಬಿಯಲ್ಲಿ ಇರಬೇಕು. ನಮ್ಮ ಏಪ್ರಿಲ್ ತಿಂಗಳ ಬಿಸಿಲಿಗೆ ತಗಡಿನ ಮಾಡಿನ ಕೆಳಗಿನ ಅಟ್ಟ, ಲಾರಿಯ ಡ್ಯಾಶ್‌ಬೋರ್ಡ್ ಸರಿಯಾದ ಜಾಗಗಳಲ್ಲ. ದೂರದ ಊರಿಗೆ ಹೋಗುವವರು ಹೊರಡುವ ಮೊದಲೇ ಕೇಂದ್ರದಲ್ಲಿ ಹೇಳಿದರೆ ಹೆಚ್ಚಿಗೆ ಗುಳಿಗೆ ಕೊಡಲು ಅಥವಾ ಅಲ್ಲಿನ ಕೇಂದ್ರಕ್ಕೆ ಹೆಸರು ವರ್ಗಾಯಿಸಲು ದಾರಿಗಳಿವೆ.

ಔಷಧ ಶುರುವಾದ ಮೊದಲ ತಿಂಗಳುಗಳಲ್ಲಿ ಹೊಸದಾಗಿ ಜ್ವರ, ಕೆಮ್ಮು, ಗಂಟು ಕಾಣಿಸಿಕೊಂಡರೆ ಗುಳಿಗೆ ಒಗ್ಗಲಿಲ್ಲ ಎಂದು ತೀರ್ಮಾನಿಸಬಾರದು. ಚೇತರಿಸಿಕೊಂಡ ರೋಗನಿರೋಧಕ ಶಕ್ತಿ ಒಳಗೆ ಅಡಗಿದ್ದ ಕ್ಷಯದಂಥ ಸೋಂಕಿನ ಮೇಲೆ ಎದ್ದು ಹೋರಾಡುವಾಗಲೂ ಹೀಗಾಗುತ್ತದೆ. ಗುಳಿಗೆ ಮುಂದುವರಿಸುತ್ತಲೇ ಕೇಂದ್ರಕ್ಕೆ ಹೋಗಬೇಕು. ಮೈಮೇಲೆ ಗಂಧೆಯ ಜೊತೆಗೆ ಜ್ವರ, ಬಾಯಿಯಲ್ಲಿ ಹುಣ್ಣು ಅಥವಾ ಕಣ್ಣು ಹಳದಿಯಾಗುವುದು ಕಂಡರೆ ಮಾತ್ರ ಅಂದೇ ವೈದ್ಯರನ್ನು ಕಾಣಬೇಕು. ಅಬಕಾವಿರ್ ಎಂಬ ಔಷಧ ಅಲರ್ಜಿಯಾಗಿ ವೈದ್ಯರು ನಿಲ್ಲಿಸಿದ್ದರೆ ಅದನ್ನು ಜೀವಮಾನದಲ್ಲಿ ಮತ್ತೆ ಮುಟ್ಟಬಾರದು, ಎರಡನೆಯ ಸಲ ಅದು ಪ್ರಾಣಕ್ಕೇ ಎರವಾಗಬಹುದು.

ಇಷ್ಟೆಲ್ಲ ಹೇಳಿದ ಮೇಲೂ, ಕೌಂಟರಿನ ಮುಂದೆ ನಿಂತವರು ಬಾಯಿ ಬಿಡದಿದ್ದರೆ ನಮ್ಮ ತಿಳಿವಳಿಕೆಯಿಂದ ಅವರಿಗೆ ಉಪಯೋಗವಿಲ್ಲ. ಅವರು ಬಾಯಿ ಬಿಡದಿರುವುದಕ್ಕೆ ಕಾರಣಗಳೂ ಇವೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಸೋಂಕಿತರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನೂ, ಚಿಕಿತ್ಸೆ, ಉದ್ಯೋಗ, ವಸತಿಯಲ್ಲಿ ಭೇದ ಮಾಡುವುದನ್ನೂ ನಿಷೇಧಿಸಿದೆ. ತಪ್ಪದೆ ಗುಳಿಗೆ ತೆಗೆದುಕೊಂಡು ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಾಣು ಕಾಣದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲೂ ಸೋಂಕು ಹರಡುವುದಿಲ್ಲ ಎನ್ನುವುದು ಈಗ ದೃಢಪಟ್ಟ ಸಂಗತಿ. ಔಷಧ ಮಾರುವ ನನ್ನ ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ ಇದು: ಯಾವುದೇ ಗ್ಯಾಸ್ಟ್ರಿಕ್ ಟಾನಿಕ್, ನೋವಿನ ಗುಳಿಗೆ ಕೊಡುವ ಮೊದಲು, ಕೇಳುವವರು ಯಾರೇ ಆಗಿರಲಿ, “ದಿನಾ ತಗೊಳ್ಳೋ ಗುಳಿಗೆ ಏನಾದ್ರೂ ಇದೆಯಾ?” ಎಂದು ಎಲ್ಲರನ್ನೂ ಒಂದೇ ದನಿಯಲ್ಲಿ ಕೇಳಿ. ಎಲ್ಲರಿಗೂ ಕೇಳುವ ಪ್ರಶ್ನೆಯಿಂದ ಯಾರ ಮುಖವೂ ಬಾಡುವುದಿಲ್ಲ. ಉತ್ತರ ಬಂದರೆ ಅದನ್ನು ಜೋರಾಗಿ ಮರಳಿ ಹೇಳಬೇಡಿ.

ಗುಳಿಗೆ ತೆಗೆದುಕೊಳ್ಳುವವರು ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. ಹಸಿರು ಪುಸ್ತಕದಲ್ಲಿ ಔಷಧದ ಹೆಸರಿರುವ ಸಾಲನ್ನು ಒಂದು ಚಿಕ್ಕ ಚೀಟಿಗೆ ಬರೆಸಿ ಪರ್ಸಿನಲ್ಲಿ ಇಟ್ಟುಕೊಳ್ಳಿ, ಅದನ್ನೇ ಔಷಧ ಅಂಗಡಿಯಲ್ಲೂ, ಹಲ್ಲಿನ ಡಾಕ್ಟರ ಬಳಿಯೂ, ಸಕ್ಕರೆ ಕಾಯಿಲೆಯ ಕ್ಲಿನಿಕ್ಕಿನಲ್ಲೂ ತೋರಿಸಿ. ಅಂಗಡಿಯಲ್ಲಿ ಕೊಂಡ ಗುಳಿಗೆಗಳ ಖಾಲಿ ಪಟ್ಟಿಗಳನ್ನು ಎಸೆಯದೆ ಮುಂದಿನ ಸಲ ಎಆರ್‌ಟಿ ಕೇಂದ್ರಕ್ಕೆ ಹೋಗುವಾಗ ಒಯ್ಯಿರಿ. ಯಾರನ್ನೂ ಮುಖಾಮುಖಿ ಕೇಳಲು ಮನಸ್ಸಿಲ್ಲದಿದ್ದರೆ 1097ಕ್ಕೆ ಕರೆ ಮಾಡಿ. ಅದು ಶುಲ್ಕವಿಲ್ಲದ ರಾಷ್ಟ್ರೀಯ ಏಡ್ಸ್ ಸಹಾಯವಾಣಿ.